ಸಣ್ಣ ಮಾತಾಜಿಯ ವಿಧಿ

ಕಾಗವಾಡ
೧೧ ನವೆಂಬರ್ ೨೦೨೪, ಸೋಮವಾರ

ಪರಮಪೂಜ್ಯ ಆರ್ಯಿಕಾ ಸುನೀತಮತಿ ಮಾತಾಜಿಯವರ ಚರಣಗಳಿಗೆ ತವನಪ್ಪನ ವಂದಾಮಿ, ವಂದಾಮಿ, ವಂದಾಮಿ.

ಮೂರು ಸಲ ಬರೆದಿದ್ದೇನೆ, ಬೇಕಾದರೆ ಎಣಿಸಿಕೊಳ್ಳಿರಿ. ಹೋದ ಪತ್ರದಲ್ಲಿ ಮೊದಲ ಸಾಲಿಗೇ ‘ಅಕ್ಕ’ ಎಂದು ಬರೆದು, ಆಮೇಲೆ ಕಾಟು ಹೊಡೆದು, ಕಾಟಿನ ಕೆಳಗೂ ಅಕ್ಷರ ಕಾಣುತ್ತಿದ್ದುದರಿಂದ ಶೇವಂತಾಳ ಕೈಗೆ ಸಿಕ್ಕಿಬಿದ್ದಿದ್ದೆ. “ದೀಕ್ಷಾ ತಗೊಂಡಾರ್ರಿ ಅವರು. ಈಗ ಅವರಿಗಿ ತಮ್ಮಾನೂ ಇಲ್ಲ, ತಂಗೀನೂ ಇಲ್ಲ. ನಿಮಗ ಏಳನೇ ಇಯತ್ತೆ ಪಾಸ್ ಮಾಡಿದ ಮಾಸ್ತರ ಯಾರ್ರಿ?” ಎಂದಳು. ನನ್ನ ಹೆಂಡತಿಯ ಬಾಯಿ ನಿಮಗೆ ಹೊಸದಲ್ಲ. ಆದ್ದರಿಂದ ಈ ಸಲ ಅಕ್ಕ ಗಿಕ್ಕ ಏನೂ ಇಲ್ಲ, ಮಾತಾಜಿ, ಮಾತಾಜಿ, ಮಾತಾಜಿ.

ಪತ್ರ ತಡವಾಯಿತು, ಕ್ಷಮಿಸಬೇಕು. ಮಳೆಗಾಲದ ಆರಂಭದಲ್ಲಿ ನೀವು ಮಧ್ಯಪ್ರದೇಶದ ಆ ಊರಿನಲ್ಲಿ ಚಾತುರ್ಮಾಸಕ್ಕೆ ಕುಳಿತ ಸುದ್ದಿ ಬಂದಾಗಲೇ ಬರೆಯಬೇಕಿತ್ತು. ಆದರೆ ನಾನು ಸೋತ ಕುಸ್ತಿಯ ಸುದ್ದಿಯನ್ನು ಎಂದೂ ಮನೆಗೆ ತಂದವನಲ್ಲ, ಅದು ನಿಮಗೆ ಗೊತ್ತು. ಗೆದ್ದ ಮೇಲೆಯೇ ಬರೆಯಬೇಕೆಂದು ಕಾಯ್ದೆ. ಈಗ ಚಾತುರ್ಮಾಸ ಮುಗಿದಿದೆ, ಇನ್ನು ಕೆಲವೇ ದಿನಗಳಲ್ಲಿ ನೀವು ವಿಹಾರ ಹೊರಡುತ್ತೀರಿ. ಒಮ್ಮೆ ಕಾಲ್ನಡಿಗೆಯಲ್ಲಿ ರಸ್ತೆ ಹಿಡಿದಿರೆಂದರೆ ಅಂಚೆಯವನಿಗೂ ಸಿಗುವುದಿಲ್ಲ, ಫೋನಂತೂ ನೀವು ಮುಟ್ಟುವುದಿಲ್ಲ. ಅದಕ್ಕೇ ಇವತ್ತೇ ಕುಳಿತೆ.

ನಿಮ್ಮ ಸಂಘದ ದೀದಿಯವರು ಹಿಂದೆ ನನಗೆ ಫೋನ್ ಮಾಡಿ, ಮಾತಾಜಿಗೆ ಸಂಸಾರದ ಸುದ್ದಿ ಬರೆಯಬೇಡಿ, ಧರ್ಮದ ವಿಷಯ ಮಾತ್ರ ಬರೆಯಿರಿ ಎಂದು ಹಿಂದಿಯಲ್ಲಿ ತಿಳಿಸಿದ್ದರು. ಈ ಪತ್ರದಲ್ಲಿ ಇರುವುದೆಲ್ಲ ಆಹಾರದ ವಿಷಯ. ಆಹಾರ ಧರ್ಮದ್ದಲ್ಲದಿದ್ದರೆ ಮತ್ತ್ಯಾವುದು ಧರ್ಮದ್ದು? ಅಲ್ಲದೆ ದೀದಿಯವರಿಗೆ ಕನ್ನಡ ಓದಲು ಬರುವುದಿಲ್ಲ, ಆ ಧೈರ್ಯವೂ ಇದೆ.

ಇಲ್ಲಿ ಎಲ್ಲರೂ ಕ್ಷೇಮ. ಶೇವಂತಾಳ ಮೊಣಕಾಲು ನೋಯುತ್ತದೆ, ನಾಲಿಗೆ ನೋಯುವುದಿಲ್ಲ. ರೂಪಾಲಿಯ ಗಂಡ ಅಭಿನಂದನನಿಗೆ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ನುರಿಸುವ ಹಂಗಾಮು ಬಂದಿದೆ, ಮೈಯೆಲ್ಲ ಕಾಕಂಬಿ ವಾಸನೆ. ಅವರಿಬ್ಬರೂ ಮಗುವಿನೊಂದಿಗೆ ಈಗಲೂ ನಮ್ಮ ಮನೆಯಲ್ಲೇ ಇದ್ದಾರೆ. ಮಿರಜಿನ ಆಸ್ಪತ್ರೆ ಇಲ್ಲಿಂದ ಹತ್ತಿರ ಎಂಬುದು ಒಂದು ಕಾರಣ. ನನ್ನಂಥ ಸೋದರಮಾವ ಬೇರೆಲ್ಲೂ ಸಿಗುವುದಿಲ್ಲ ಎಂಬುದು ಎರಡನೆಯದು.

ಇನ್ನು ಪೂನಮ. ‘ನಿಮ್ಮ ಮೊಮ್ಮಗಳು’ ಎಂದು ಬರೆಯಬಾರದು. ನಿಮ್ಮ ಗೃಹಸ್ಥಾವಸ್ಥೆಯ ಮಗಳಾದ ರೂಪಾಲಿಯ ಮಗಳು ಎಂದು ಬರೆಯುತ್ತೇನೆ, ಶೇವಂತಾ ಓದಿದರೂ ತಪ್ಪು ಹುಡುಕಲಾರಳು. ಅವಳಿಗೆ ಈಗ ನಾಲ್ಕು ತುಂಬಿತು. ಕಾಲುಗಳು ಇನ್ನೂ ಕತ್ತರಿಯಂತೆ ಒಂದಕ್ಕೊಂದು ಬಿಗಿಯುತ್ತವೆ. ಕೈ ಮುಷ್ಟಿಯಾಗಿಯೇ ಇರುತ್ತದೆ, ಬೆಳಿಗ್ಗೆ ರೂಪಾಲಿ ಎಣ್ಣೆ ಹಚ್ಚಿ ಒಂದೊಂದೇ ಬೆರಳು ಬಿಡಿಸುತ್ತಾಳೆ. ಕುತ್ತಿಗೆ ಮಾತ್ರ ನೀವು ಇಲ್ಲಿದ್ದ ಕಾಲಕ್ಕಿಂತ ಗಟ್ಟಿಯಾಗಿದೆ. ಮಾತು ಬಂದಿಲ್ಲ, ಆದರೆ ಅವಳು ಬೈಯುವುದು ನಮಗೆಲ್ಲ ತಿಳಿಯುತ್ತದೆ. ಕಣ್ಣು ಹೊರಳಿಸಿ ‘ಹ್ಞಂ’ ಎಂದಳೆಂದರೆ ನನ್ನ ಹರಟೆ ಸಾಕಾಯಿತು ಎಂದರ್ಥ. ಇಡೀ ಓಣಿಯಲ್ಲಿ ನನ್ನನ್ನು ಒಂದೇ ಅಕ್ಷರದಲ್ಲಿ ಸುಮ್ಮನಿರಿಸುವವಳು ಅವಳೊಬ್ಬಳೇ.

ಅವಳಿಗೆ ಒಂದು ಕುರ್ಚಿ ಮಾಡಿದ್ದೇನೆ. ಸೊಂಟ ನೆಟ್ಟಗೆ ಕೂಡಬೇಕು, ಪಾದಕ್ಕೆ ಆಸರೆ ಬೇಕು, ತಲೆ ಹಿಂದಕ್ಕೆ ಬೀಳಬಾರದು, ಗದ್ದ ತುಸು ಎದೆಯ ಕಡೆ ಬಾಗಿರಬೇಕು ಎಂದು ಮಿರಜಿನಲ್ಲಿ ಹೇಳಿದ್ದರು. ನಿಪ್ಪಾಣಿಯ ಗುಜರಿ ಅಂಗಡಿಯಿಂದ ಹಳೆಯ ಜೀಪಿನ ಬೆಲ್ಟು ತಂದೆ, ಸೋಫಾದ ಸ್ಪಂಜು ತಂದೆ. ಬಡಿಗ ನಾಮದೇವನನ್ನು ಕರೆಸಿ ಕೆಲಸ ಹಚ್ಚಿದೆ. “ನಾಮದೇವ ಮಾಡಿದ, ಇವರು ಹೊರಸಿನ ಮ್ಯಾಲ ಕುಂತ ಚಾ ಕುಡದ್ರು” ಎಂದು ಶೇವಂತಾ ಎಲ್ಲರಿಗೂ ಹೇಳುತ್ತಾಳೆ. ಬುದ್ಧಿ ಯಾರದು ಎಂಬುದನ್ನು ಹೇಳುವುದಿಲ್ಲ.

ಮೂಗಿನಲ್ಲಿ ನಳಿಗೆ ಹಾಕಿದ ದಿನದ ಸಂಗತಿ ನಿಮಗೆ ಗೊತ್ತು, ಅದನ್ನು ಬರೆಯುವುದಿಲ್ಲ. ಅಂದಿನಿಂದ ಊಟವೆಲ್ಲ ಆ ನಳಿಗೆಯಿಂದಲೇ. ರೂಪಾಲಿ ಪಿಚಕಾರಿ ಎತ್ತಿ ಹಿಡಿಯುವುದು, ಗಂಜಿಯ ತಿಳಿ ಇಳಿಯುವುದು. ಹುಡುಗಿಯ ತೂಕ ಏರಿತು, ಮೈ ತುಂಬಿತು, ಜ್ವರ ಕಡಿಮೆಯಾಯಿತು. ಆ ನಳಿಗೆ ಅವಳನ್ನು ಬದುಕಿಸಿದೆ, ಅದಕ್ಕೂ ನನ್ನದೊಂದು ವಂದಾಮಿ. ಆದರೆ ಬಾಯಿ? ಬಾಯಿಗೆ ಬೀಗ ಬಿತ್ತು. ತುಟಿಯ ಹತ್ತಿರ ಏನು ಬಂದರೂ ಮುಖ ತಿರುಗಿಸುವಳು.

ಈ ಆಷಾಢದಲ್ಲಿ ಮಿರಜಿನ ಡಾಕ್ಟರು ಹೇಳಿದರು, ಮೂಗಿನ ನಳಿಗೆ ವರ್ಷಗಟ್ಟಲೆ ಇಡುವಂಥದ್ದಲ್ಲ, ದೀಪಾವಳಿ ಮುಗಿಸಿ ಕರೆತನ್ನಿ. ಅಷ್ಟರಲ್ಲಿ ಬಾಯಿಂದ ಸಾಕಷ್ಟು ಇಳಿಯದಿದ್ದರೆ ಹೊಟ್ಟೆಗೇ ಒಂದು ಸಣ್ಣ ದಾರಿ ಮಾಡೋಣ, ಹೆದರಬೇಡಿ, ಅದರಿಂದ ಚೆನ್ನಾಗಿ ಬೆಳೆದ ಮಕ್ಕಳು ಬಹಳ ಇದ್ದಾರೆ ಎಂದು. ಬರುವಾಗ ಗಾಡಿಯಲ್ಲಿ ರೂಪಾಲಿ ಮಗಳ ಮೂಗಿನ ಪಟ್ಟಿ ಸರಿ ಮಾಡಿದಳು. ಆಮೇಲೆ ಅಂದಳು, “ಮಾಡಿಸೂಣ ಮಾಮಾ, ಜೀವಾ ದೊಡ್ಡದು. ಆದ್ರ ಅದರಕಿಂತ ಮದಲ ಅಕಿ ನಾಲಿಗಿಗಿ ಒಂದರೆ ರುಚಿ ಹತ್ತಲಿ. ನಾಲ್ಕ ವರ್ಷದಾಕಿ, ಬೆಲ್ಲ ಸಿಹಿ ಇರತೈತಿ ಅನ್ನೂದ ಅಕಿಗಿ ಗೊತ್ತಿಲ್ಲ.”

ನಾನು ಅಲ್ಲೇ ಗಾಡಿಯಲ್ಲಿ ಮೀಸೆ ತಿರುವಿ ಹೇಳಿದೆ, “ದೀಪಾವಳಿ ಅನ್ನೂದ್ರಾಗ ಅಕಿ ತಿಂತಾಳ. ತಿನ್ನಲಿಲ್ಲಂದ್ರ ಈ ಮೀಶಿ ಬೋಳಸ್ತೀನಿ.” ಈಗ ನಿಮಗೆ ತಿಳಿಯಿತಲ್ಲ, ಎಷ್ಟು ದೊಡ್ಡ ವಸ್ತು ಪಣಕ್ಕಿತ್ತು ಎಂದು.

ಆಸ್ಪತ್ರೆಯಲ್ಲಿ ಮಕ್ಕಳಿಗೆ ನುಂಗುವುದನ್ನು ಕಲಿಸುವ ಮೇಡಂ ಒಬ್ಬರಿದ್ದಾರೆ, ನಸೀಮಾ ಎಂದು, ನಮ್ಮ ಕುಡಚಿಯವರೇ. ಅವರು ನುಂಗುವಾಗ ಗಂಟಲಲ್ಲಿ ಏನಾಗುತ್ತದೆ ಎಂದು ಟೀವಿಯಲ್ಲಿ ತೋರಿಸುವ ಎಕ್ಸರೇ ಮಾಡಿಸಿದರು. “ನೋಡ್ರಿ ಕಾಕಾ, ಹಾಲು ನೀರು ಇಂಥಾ ತೆಳ್ಳಂದೆಲ್ಲಾ ಅಕಿಗಿ ಜಾರಿ ಎದಿ ಕಡೆ ಹೊಕ್ಕೈತಿ. ದಪ್ಪಗ ಇದ್ರ ಸಾವಕಾಶ ಸರಿ ದಾರಿಗಿ ಇಳೀತೈತಿ” ಎಂದರು. ನಾನು, “ಹಂಗಾರ ಅಕಿ ನಮ್ಮ ಪೈಕೀನ ಬಿಡ್ರಿ, ನಮ್ಮ ಮನ್ಯಾಗ ತೆಳ್ಳನ ಮಜ್ಜಿಗಿ ಯಾರಿಗೂ ಸೇರೂದಿಲ್ಲ” ಎಂದೆ. ನೆಟ್ಟಗೆ ಕೂರಿಸಿ, ಗದ್ದ ಬಾಗಿಸಿ, ದಪ್ಪಗಿನದನ್ನು ಚಮಚದ ತುದಿಯಷ್ಟೇ ಕೊಡಿ, ಒತ್ತಾಯ ಬೇಡ, ಕೆಮ್ಮಿದರೆ ನಿಲ್ಲಿಸಿ ಎಂದು ನಸೀಮಾ ಮೇಡಂ ನಮಗೆಲ್ಲ ಪಾಠ ಹೇಳಿದರು. ನಾನು ಪಾಠ ಪೂರ್ತಿ ಕೇಳಿದೆ, ಆಮೇಲೆ ಮನೆಗೆ ಬಂದು ನನ್ನ ಬುದ್ಧಿ ಓಡಿಸಿದೆ. ಅಲ್ಲೇ ಕೆಟ್ಟಿತು.

ಮುನಿಗಳು ಆಹಾರಕ್ಕೆ ಹೊರಡುವ ಮೊದಲು ಮನಸ್ಸಿನಲ್ಲಿ ಒಂದು ವಿಧಿ ಹಿಡಿಯುತ್ತಾರಲ್ಲ, ಇಂಥದ್ದು ಕಣ್ಣಿಗೆ ಬಿದ್ದ ಮನೆಯಲ್ಲೇ ಆಹಾರ, ಇಲ್ಲದಿದ್ದರೆ ಉಪವಾಸ ಎಂದು. ಯಾರಿಗೂ ಹೇಳುವುದಿಲ್ಲ. ನಾವು ಗೃಹಸ್ಥರು ಬಾಗಿಲಲ್ಲಿ ಒಬ್ಬರು ಕಳಶ, ಒಬ್ಬರು ತೆಂಗಿನಕಾಯಿ, ಒಬ್ಬರು ಜೋಡಿಯಾಗಿ ನಿಂತು ಆ ವಿಧಿ ಏನಿರಬಹುದೆಂದು ಹುಡುಕುತ್ತೇವೆ. ಆ ವರ್ಷ ಊರೆಲ್ಲ ಸುತ್ತಿ ವಿಧಿ ಸಿಗದೆ ಹಿಂದಿರುಗುತ್ತಿದ್ದ ಮುನಿ ಮಹಾರಾಜರು ಕೊನೆಗೆ ನಿಂತದ್ದು ಯಾರ ಬಾಗಿಲಲ್ಲಿ? ಮಡಿ ಉಟ್ಟು ಓಡಿ ಬರುವ ಅವಸರದಲ್ಲಿ ಕೈಯ ಕಬ್ಬಿನ ಗಳ ಕೆಳಗಿಡುವುದನ್ನು ಮರೆತು ನಿಂತಿದ್ದ ಈ ತವನಪ್ಪನ ಬಾಗಿಲಲ್ಲಿ. ಕಬ್ಬಿನಿಂದಲೇ ಎಂದು ನಾನು, ಪಕ್ಕದಲ್ಲಿ ತಾನು ನಿಂತದ್ದರಿಂದ ಎಂದು ಶೇವಂತಾ. ಆ ವ್ಯಾಜ್ಯ ಇನ್ನೂ ನಡೆದಿದೆ.

ಹಾಗಾದರೆ ನಮ್ಮ ಪೂನಮಳೂ ಒಬ್ಬಳು ಸಣ್ಣ ಮಾತಾಜಿ, ಅವಳದೂ ಏನೋ ಒಂದು ವಿಧಿ ಇದೆ, ಅದು ಸಿಕ್ಕರೆ ಬಾಯಿ ತೆರೆಯುತ್ತಾಳೆ ಎಂದು ನಾನು ಮನೆಯಲ್ಲಿ ಸಾರಿದೆ. ಕುರ್ಚಿಯಲ್ಲಿ ಅವಳನ್ನು ಕೂರಿಸಿ ಎದುರಿಗೆ ಎಲ್ಲರನ್ನೂ ನಿಲ್ಲಿಸಿದೆ. ಕಳಶ ಹಿಡಿದೆವು, ಆಗಲಿಲ್ಲ. ತೆಂಗಿನಕಾಯಿ ಹಿಡಿದೆವು, ಆಗಲಿಲ್ಲ. ರೂಪಾಲಿ ಅಭಿನಂದನರನ್ನು ಜೋಡಿಯಾಗಿ ನಿಲ್ಲಿಸಿದೆ. ಪಕ್ಕದ ಮನೆಯ ಭೂಪಾಲ ಛತ್ರಿ ಬಿಚ್ಚಿ ನಿಂತ, ನಾನು ತಲೆಗೆ ಪಟಗಾ ಸುತ್ತಿ ಕಬ್ಬಿನ ಗಳ ಹಿಡಿದೆ. ಹುಡುಗಿ ಒಬ್ಬೊಬ್ಬರನ್ನೇ ನೋಡಿ ನಕ್ಕಳು. ಬಾಯಿ ಮುಚ್ಚಿಕೊಂಡು ಅಷ್ಟು ಜೋರಾಗಿ ನಗಬಹುದೆಂದು ನನಗೆ ಆ ದಿನವೇ ಗೊತ್ತಾದದ್ದು.

“ತವನ್ಯಾ, ನಾ ಛತ್ರಿ ಮುಚ್ಚಲ್ಯಾ? ಓಣ್ಯಾನ ಮಂದಿ ಮಳಿ ಬಂತಂತ ಒಣಾ ಹಾಕಿದ ಅರಬಿ ತಗ್ಯಾಕತ್ತಾರ” ಎಂದ ಭೂಪಾಲ.

ಅಷ್ಟೇ ಆಗಿದ್ದರೆ ನಗೆಯಲ್ಲಿ ಹೋಗುತ್ತಿತ್ತು. ರೂಪಾಲಿ ಚಮಚದ ತುದಿಯನ್ನು ತುಟಿಗೆ ಮುಟ್ಟಿಸಿದಳು, ಹುಡುಗಿ ಒಮ್ಮೆ ಕೆಮ್ಮಿದಳು. ಶೇವಂತಾಳ ಬಾಯಿಂದ ರೂಢಿಯ ಬಲದಲ್ಲಿ ಶಬ್ದ ಬಂದೇಬಿಟ್ಟಿತು, “ಅಂತರಾಯ!” ನಾವೆಲ್ಲ ಕೈ ಹಿಂದಕ್ಕೆ ತೆಗೆದು ಸರಿದು ನಿಂತೆವು. ಮುನಿಗಳ ಅಂಜಲಿಯಲ್ಲಿ ಒಂದು ಕೂದಲು ಸಿಕ್ಕರೂ ಅಂತರಾಯ, ಆ ದಿನದ ಆಹಾರ ಅಲ್ಲಿಗೆ ಮುಗಿಯಿತು. ನಮ್ಮ ಕೈಕಾಲಿಗೆ ಅದೇ ಅಭ್ಯಾಸ. ಆ ಹುಡುಗಿಗೆ ಬುದ್ಧಿ ಕಡಿಮೆ ಎಂದು ಯಾರಾದರೂ ಅಂದರೆ ನನ್ನ ಹತ್ತಿರ ಕಳಿಸಿರಿ. ಕೆಮ್ಮಿದರೆ ಇವರು ಬಿಟ್ಟುಬಿಡುತ್ತಾರೆ ಎಂದು ಅವಳು ಎರಡೇ ದಿನದಲ್ಲಿ ಕಲಿತಳು. ಚಮಚ ಕಂಡರೆ ಸಾಕು, ‘ಕುಹ್ಞು’ ಎಂದು ಸುಳ್ಳು ಕೆಮ್ಮು. ಶೇವಂತಾ ‘ಅಂತರಾಯ’ ಎನ್ನುವುದು, ಹುಡುಗಿ ಗೆದ್ದೆನೆಂದು ಕಣ್ಣರಳಿಸುವುದು.

ಒಂದು ದಿನ ರೂಪಾಲಿ ಚಮಚವನ್ನು ಬಟ್ಟಲಲ್ಲಿ ಬಿಟ್ಟು ಎದ್ದಳು. “ಮಾಮಿ, ಆ ಶಬ್ದಾ ಈ ಮನ್ಯಾಗ ಇನ್ನ ಅನಬ್ಯಾಡ್ರಿ. ಕೈ ಮುಗೀತೀನಿ” ಎಂದಳು. ಶೇವಂತಾ ಬಾಯಿಗೆ ಸೆರಗು ಒತ್ತಿಕೊಂಡಳು. ನಾನು ಹೊಲಕ್ಕೆ ಹೋದೆ. ಅಲ್ಲಿಗೆ ನಮ್ಮ ಮೊದಲ ಕುಸ್ತಿ ಚಿತ್ತು.

ಭಾದ್ರಪದದಲ್ಲಿ ದಶಲಕ್ಷಣ ಪರ್ವ ಬಂತು. ಬಸದಿಯಲ್ಲಿ ಎಲ್ಲರೂ ತಮ್ಮ ತಮ್ಮ ವ್ರತ ಹೇಳುತ್ತಿದ್ದರು. ಭೂಪಾಲ ಎದ್ದು ಪರ್ವ ಮುಗಿಯುವವರೆಗೂ ಸಿಹಿ ಬಿಟ್ಟೆ ಎಂದ. ನಾನು ಸುಮ್ಮನಿರಬೇಕೇ? ಎದ್ದು ನಿಂತು ದೊಡ್ಡ ದನಿಯಲ್ಲಿ, ಪರ್ವದ ಅಷ್ಟೂ ದಿನ ಏಕಾಸನ, ದಿನಕ್ಕೆ ಒಂದೇ ಊಟ, ಮತ್ತೆ ನೀರೂ ಇಲ್ಲ ಎಂದೆ. ಹೆಂಗಸರ ಕಡೆಯಿಂದ ಶೇವಂತಾ ತಲೆ ಅಲ್ಲಾಡಿಸಿದ್ದು ಕಂಡಿತು.

ಮೊದಲ ಎರಡು ದಿನ ಗತ್ತಿನಲ್ಲಿ ಕಳೆಯಿತು. ಆಮೇಲಿನ ಒಂದು ಮಧ್ಯಾಹ್ನ ಎಲ್ಲರೂ ಬಸದಿಗೆ ಹೋದರು. ರೂಪಾಲಿಗೂ ಸ್ವಲ್ಪ ಹೊರಗೆ ಹೋಗಿಬರಲಿ ಎಂದು ನಾನೇ ಪೂನಮಳನ್ನು ನೋಡಿಕೊಳ್ಳಲು ಉಳಿದೆ. ಅವಳಿಗೆ ಮಾತು ಬರುವುದಿಲ್ಲ, ಯಾರಿಗೂ ಹೇಳುವುದಿಲ್ಲ ಎಂಬ ಲೆಕ್ಕವೂ ಇತ್ತು. ಏಕೆಂದರೆ ಹೊಟ್ಟಿನ ಚೀಲದ ಹಿಂದೆ, ಡೇರಿ ಅಂಗಡಿಯಿಂದ ಬೆಳಿಗ್ಗೆಯೇ ತಂದು ತಣ್ಣೀರಲ್ಲಿ ಇಟ್ಟಿದ್ದ ಶ್ರೀಖಂಡದ ಡಬ್ಬಿ ಇತ್ತು. ಮಾತಾಜಿ, ಇದಕ್ಕೆ ಪ್ರಾಯಶ್ಚಿತ್ತ ಏನೆಂದು ಮರುಟಪಾಲಿನಲ್ಲಿ ತಿಳಿಸಿರಿ, ಆದಷ್ಟು ಸಣ್ಣದನ್ನೇ ತಿಳಿಸಿರಿ.

ಹಿತ್ತಲ ಪಡಸಾಲೆಯಲ್ಲಿ ಪೂನಮಳ ಕುರ್ಚಿಯ ಪಕ್ಕದಲ್ಲೇ ನೆಲಕ್ಕೆ ಕುಳಿತೆ. ಒಂದು ಚಮಚ ಸಿಕ್ಕಿತು, ಅದರಿಂದ ತಿನ್ನತೊಡಗಿದೆ. ಅವಳ ಕಡೆ ನೋಡಲೇ ಇಲ್ಲ. ಕಳ್ಳನ ಕಣ್ಣು ಬಾಗಿಲ ಮೇಲೆ. ತಿನ್ನುತ್ತಾ ನನ್ನ ಪಾಡಿಗೆ ನಾನು ಬಡಾಯಿ ಹೇಳುತ್ತಿದ್ದೆ, ಅಥಣಿಯ ಕುಸ್ತಿಯಲ್ಲಿ ಯಾರ್ಯಾರನ್ನು ಹೇಗೆ ಎತ್ತಿ ಒಗೆದೆ ಎಂದು. ಮಗ್ಗುಲಿನಿಂದ ದನಿ ಬಂತು, “ಆಂ.”

ನಾನು ತಿರುಗಲಿಲ್ಲ. ಮತ್ತೆ, “ಆಂ!” ಈ ಸಲ ಸಿಟ್ಟಿನಲ್ಲಿ. ತಿರುಗಿ ನೋಡಿದರೆ ಬಾಯಿ ತೆರೆದಿದೆ ಮಾತಾಜಿ. ಬೀಗ ಬಿದ್ದ ಬಾಯಿ ಹಕ್ಕಿಮರಿಯ ಬಾಯಿಯಂತೆ ತೆರೆದಿದೆ, ಕಣ್ಣು ನನ್ನ ಡಬ್ಬಿಯ ಮೇಲಿದೆ.

ಡಬ್ಬಿಯನ್ನು ಮೆಲ್ಲಗೆ ನೆಲಕ್ಕಿಟ್ಟೆ. ಅಥಣಿಯ ಅಖಾಡದಲ್ಲಿ ಯಾರನ್ನೂ ಅಷ್ಟು ಮೆಲ್ಲಗೆ ಇಳಿಸಿರಲಿಲ್ಲ. ನಸೀಮಾ ಮೇಡಂ ಹೇಳಿದ್ದನ್ನೆಲ್ಲ ನೆನಪಿಸಿಕೊಂಡೆ. ಬೆನ್ನು ನೆಟ್ಟಗಿದೆ. ಗದ್ದ ಬಾಗಿದೆ. ಶ್ರೀಖಂಡಕ್ಕಿಂತ ದಪ್ಪಗಿನದು, ನುಣ್ಣಗಿನದು ಮತ್ತ್ಯಾವುದು? ಚಮಚದ ತುದಿಗೆ ಉಗುರಿನಷ್ಟು ತೆಗೆದು, ಎದುರಿನಿಂದ ಮೆಲ್ಲಗೆ ನಾಲಿಗೆಯ ಮೇಲಿಟ್ಟೆ. ತುಟಿ ಮುಚ್ಚಿತು. ಮುಖ ಕಿವುಚಿದಳು, ಹುಳಿಗೆ. ಆಮೇಲೆ ಸಿಹಿ ತಲುಪಿರಬೇಕು. ಕಣ್ಣು ಇಷ್ಟಗಲವಾದವು. ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು. ನಾನು ಕಾಯ್ದೆ. ಕೆಮ್ಮಲಿಲ್ಲ. ಸುಳ್ಳಿಗೂ ಕೆಮ್ಮಲಿಲ್ಲ.

“ಆಂ!”

ಇನ್ನೊಂದು ಉಗುರಿನಷ್ಟು. ಮತ್ತೊಂದು. ಅಷ್ಟಕ್ಕೆ ಸಾಕು ಮಾಡಿ ಡಬ್ಬಿ ಮುಚ್ಚಿದೆ. ಮೊದಲ ದಿನಕ್ಕೆ ಆಸೆಬುರುಕತನ ಬೇಡ ಎಂದು ಮೇಡಂ ಹೇಳಿದ್ದರು. ಹುಡುಗಿ ‘ಹ್ಞಂ’ ಎಂದು ಬೈದಳು.

ಸ್ವಲ್ಪ ಹೊತ್ತು ಹಾಗೇ ನೆಟ್ಟಗೆ ಕೂರಿಸಿಕೊಂಡೆ. ಆದರೆ ನನ್ನ ಹೊಟ್ಟೆಯಲ್ಲಿ ಆ ಸುದ್ದಿ ನಿಲ್ಲಬೇಕಲ್ಲ? ಹೇಳಿದರೆ ನನ್ನ ಏಕಾಸನ ಊರ ಮುಂದೆ ಹರಾಜಾಗುತ್ತದೆ. ಹೇಳದಿದ್ದರೆ ಹೊಟ್ಟೆ ಒಡೆಯುತ್ತದೆ. ಹುಡುಗಿಯನ್ನು ಎದೆಗೆ ನೆಟ್ಟಗೆ ಆನಿಸಿಕೊಂಡು ಬಸದಿಯತ್ತ ಓಡಿದೆ. ಉಂಡ ಬಾಯಲ್ಲಿ ಒಳಗೆ ಹೋಗುವಂತಿಲ್ಲ, ಹೊರಗಿನ ಮೆಟ್ಟಿಲಲ್ಲೇ ನಿಂತು ಕೂಗಿದೆ, “ರೂಪಾ! ಏ ರೂಪಾ! ಹೊರಗ ಬಾ ಬೇ!”

ಪ್ರವಚನ ನಿಂತಿತು. ಎಲ್ಲರೂ ಹೊರಗೆ ಬಂದರು. ನನ್ನ ಮೀಸೆಯಲ್ಲಿ ಶ್ರೀಖಂಡ, ಹುಡುಗಿಯ ತುಟಿಯಲ್ಲಿ ಶ್ರೀಖಂಡ, ಮೂಗಿನ ನಳಿಗೆಯ ಪಟ್ಟಿಗೂ ಸ್ವಲ್ಪ ಶ್ರೀಖಂಡ.

“ತವನ್ಯಾ, ಏಕಾಸನ ಎಲ್ಲಿಗಿ ಬಂತಪಾ?” ಎಂದ ಭೂಪಾಲ.

ರೂಪಾಲಿಗೆ ಅದ್ಯಾವುದೂ ಕೇಳಲಿಲ್ಲ. ಮಗಳ ತುಟಿಯನ್ನು ಬೆರಳಿನಿಂದ ಮುಟ್ಟಿದಳು, ಬೆರಳನ್ನು ಮೂಸಿ ನೋಡಿದಳು. “ಯಾರ ತಿನಿಸಿದ್ರಿ?” ಎಂದಳು, ಬಣ್ಣಗೆಟ್ಟು.

“ಯಾರೂ ತಿನಿಸಿಲ್ಲವಾ. ಅಕಿನ ಬೇಡಿ ತಿಂದಳು.”

ಅವಳು ಮೆಟ್ಟಿಲ ಮೇಲೆ ಕುಳಿತೇಬಿಟ್ಟಳು. ಅತ್ತಳೋ ನಕ್ಕಳೋ ನನಗೆ ಗೊತ್ತಾಗಲಿಲ್ಲ. ಶೇವಂತಾ ನನ್ನ ಮೀಸೆಯನ್ನು ಸೆರಗಿನಿಂದ ಒರೆಸುತ್ತಾ, “ಇದೊಂದ ಸಲ ನಿಮ್ಮ ಸುಳ್ಳ ವ್ರತಾ ಪುಣ್ಯಾ ಕೊಡ್ತ ನೋಡ್ರಿ” ಎಂದಳು. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ನನ್ನನ್ನು ಹೊಗಳಿದ್ದು ಅದೊಂದೇ ಸಲ, ಅದೂ ಅರ್ಧ.

ಅವಳ ವಿಧಿ ಸಿಕ್ಕಿತ್ತು ಮಾತಾಜಿ. ಯಾರೂ ತನ್ನ ಬಾಯಿಯನ್ನೇ ನೋಡುತ್ತ ನಿಲ್ಲಬಾರದು, ಅದೇ ಅವಳ ವಿಧಿ. ನಾವು ಕಳಶ ಹಿಡಿದು ಸುತ್ತಲೂ ನಿಂತು ಅದನ್ನೇ ಕೆಡಿಸಿದ್ದೆವು. ಇನ್ನೊಂದೂ ತಿಳಿಯಿತು. ಹೊತ್ತು ಮುಳುಗುವ ಮೊದಲು ನಮ್ಮೆಲ್ಲರ ಊಟ ಮುಗಿಯಬೇಕೆಂದು ಅವಳ ಊಟವನ್ನು ದಿನಾಲೂ ಮೊದಲು ಒಳಕೋಣೆಯಲ್ಲಿ ಅವಸರದಿಂದ ಮುಗಿಸುತ್ತಿದ್ದೆವು. ಅವಳು ನಮ್ಮ ಜೊತೆ ಪಂಕ್ತಿಯಲ್ಲಿ ಕುಳಿತೇ ಇರಲಿಲ್ಲ.

ಮರುದಿನದಿಂದ ನಮ್ಮ ಮನೆಯ ಸಂಜೆಯ ಊಟ ನಾಲ್ಕು ಗಂಟೆಗೇ. ಸೂರ್ಯ ಮುಳುಗಲು ಬೇಕಾದಷ್ಟು ಹೊತ್ತಿರುತ್ತದೆ, ಅವಳು ಎಷ್ಟು ಸಾವಕಾಶ ತಿಂದರೂ ಅವಸರವಿಲ್ಲ. ಅವಳ ಕುರ್ಚಿ ಪಂಕ್ತಿಯ ನಡುವೆ, ಎಲ್ಲರೂ ತಮ್ಮ ತಮ್ಮ ತಾಟು ನೋಡಿಕೊಂಡು ಉಣ್ಣಬೇಕು, ರೂಪಾಲಿ ತಾನೂ ಉಣ್ಣುತ್ತಲೇ ಮಗ್ಗುಲಿಗೆ ಚಮಚ ಚಾಚಬೇಕು. “ನಾಕಕ್ಕ ಉಣ್ಣಾಕ ಮುಪ್ಪ ಹತ್ತೇತೇನಲೇ?” ಎಂದು ಭೂಪಾಲ ಗೋಡೆಯ ಆಚೆಯಿಂದ ಕೂಗುತ್ತಿದ್ದ. ಈಗ ಅವನೂ ಕೆಲವು ದಿನ ತನ್ನ ತಾಟು ಹಿಡಿದುಕೊಂಡು ಬಂದು ಕೂಡುತ್ತಾನೆ, ಪೂನಮಳ ಪಕ್ಕದ ಜಾಗಕ್ಕೆ ನನ್ನ ಜೊತೆ ಜಗಳಾಡುತ್ತಾನೆ.

ಎಲ್ಲವೂ ಬೆಣ್ಣೆಯಂತೆ ಜಾರಿತು ಎಂದು ಬರೆದರೆ ಸುಳ್ಳಾಗುತ್ತದೆ. ರಾಯಬಾಗದಿಂದ ಶೇವಂತಾಳ ತಂಗಿ ಜನಾಬಾಯಿ ಬಂದು, “ಅಯ್ಯ ಪಾಪ ಕೂಸ, ಹೆಂಗ ತಿಂತೈತಿ ನೋಡೂಣು” ಎಂದು ಎದುರಿಗೆ ಕುಕ್ಕರಗಾಲಲ್ಲಿ ಕುಳಿತಳು. ಬಾಯಿಗೆ ಮತ್ತೆ ಬೀಗ. ಅವಳು ಊರಿಗೆ ಹೋಗುವವರೆಗೂ ನಳಿಗೆಯೇ ಗತಿ. ನಡುವೆ ಒಮ್ಮೆ ನೆಗಡಿಯಾಗಿ ನಿಜವಾದ ಕೆಮ್ಮೂ ಬಂತು, ನಸೀಮಾ ಮೇಡಂ ಕೆಲವು ದಿನ ನಿಲ್ಲಿಸಿರಿ ಎಂದರು, ನಿಲ್ಲಿಸಿದೆವು. ಆ ದಿನಗಳಲ್ಲಿ ನಾನು ಕನ್ನಡಿಯಲ್ಲಿ ಮೀಸೆಯನ್ನು ಆಗಾಗ ನೋಡಿಕೊಳ್ಳುತ್ತಿದ್ದೆ.

ಆದರೆ ಮತ್ತೆ ಶುರುವಾಯಿತು. ಶ್ರೀಖಂಡದಿಂದ ಕೆನೆಮೊಸರು, ಕೆನೆಮೊಸರಿನಿಂದ ನುಣ್ಣಗೆ ಅರೆದ ಹೆಸರುಬೇಳೆ ಅನ್ನ, ಅರೆದ ಬಾಳೆಹಣ್ಣು. ಬೆಲ್ಲ ಸಿಹಿ ಇರುತ್ತದೆ ಎಂಬುದು ಈಗ ಅವಳಿಗೆ ಗೊತ್ತು. ನಳಿಗೆಯ ಊಟ ಮೇಡಂ ಹೇಳಿದ ಹಾಗೆ ಸ್ವಲ್ಪಸ್ವಲ್ಪವೇ ಕಡಿಮೆಯಾಯಿತು. ದೀಪಾವಳಿಯ ಬೆಳಿಗ್ಗೆ ಬಸದಿಯಿಂದ ತಂದ ನಿರ್ವಾಣ ಲಾಡುವಿನಲ್ಲಿ ಅವಳ ಪಾಲನ್ನು ಮೊಸರಲ್ಲಿ ನುಣ್ಣಗೆ ಅರೆದು ಕೊಟ್ಟೆವು. ಮುಗಿಸಿ ನನ್ನ ಪಾಲಿನ ಕಡೆ ನೋಡಿದಳು.

ಹೋದ ಗುರುವಾರ ಮಿರಜಿಗೆ ಹೋದೆವು. ತೂಕ ನೋಡಿದರು, ಎದೆಗೆ ಕೊಳವೆ ಹಚ್ಚಿ ಕೇಳಿದರು, ಮತ್ತೆ ಆ ಟೀವಿ ಎಕ್ಸರೇ ಮಾಡಿದರು. ಡಾಕ್ಟರು ಬಹಳ ಹೊತ್ತು ಕಾಗದ ನೋಡಿದರು. ಆಮೇಲೆ, ಹೊಟ್ಟೆಗೆ ದಾರಿ ಮಾಡುವ ಮಾತು ಸದ್ಯಕ್ಕೆ ಬೇಡ, ಈ ನಳಿಗೆ ತೆಗೆದು ನೋಡೋಣ ಎಂದರು. ನೀರು, ಹಾಲು ಇನ್ನೂ ದಪ್ಪ ಮಾಡಿಯೇ ಕೊಡಬೇಕು, ತಿಂಗಳಿಗೊಮ್ಮೆ ಬರಬೇಕು. ತೂಕ ಇಳಿದರೆ ಮತ್ತೆ ವಿಚಾರ ಮಾಡೋಣ ಎಂದೂ ಹೇಳಿದರು. ಅದನ್ನೂ ಬರೆಯುತ್ತಿದ್ದೇನೆ, ನಿಮ್ಮ ಮುಂದೆ ಮುಚ್ಚಿಡುವುದಿಲ್ಲ. ನಸೀಮಾ ಮೇಡಂ ಪಟ್ಟಿ ಬಿಚ್ಚಿ ನಳಿಗೆ ಎಳೆದರು. ಅಷ್ಟುದ್ದದ್ದು ಬಂತು. ಪೂನಮ ಒಂದು ಸೀನು ಸೀನಿದಳು, ಆಮೇಲೆ ಮುಷ್ಟಿಯನ್ನು ಕೆನ್ನೆಯ ಮೇಲೆ ಒರೆಸಿ ಒರೆಸಿ ನೋಡಿದಳು, ಇಷ್ಟು ದಿನ ಇದ್ದದ್ದು ಎಲ್ಲಿ ಹೋಯಿತು ಎಂದು. ಅವಳ ಇಡೀ ಮುಖವನ್ನು ನಾವು ಎಷ್ಟೋ ದಿನಗಳ ಮೇಲೆ ನೋಡಿದೆವು. ಮೂಗು ನಮ್ಮ ಮನೆತನದ್ದೇ, ಉದ್ದ. ಪಟ್ಟಿಯ ಕೆಳಗೆ ಅಡಗಿತ್ತು.

ಡಾಕ್ಟರು ಕುರ್ಚಿಯನ್ನು ಸುತ್ತ ತಿರುಗಿ ನೋಡಿ ಮರಾಠಿಯಲ್ಲಿ, “ಆಜೋಬಾ, ಹೀ ಖುರ್ಚೀ ಕೋಣೀ ಬನವಲೀ?” ಎಂದು ಕೇಳಿದರು, ಇದನ್ನು ಮಾಡಿದವರು ಯಾರು ಎಂದು. “ಮೀ!” ಎಂದೆ ನಾನು. ಹಿಂದಿನಿಂದ ರೂಪಾಲಿ, “ನಾಮದೇವ ಬಡಿಗ್ಯಾರು” ಎಂದಳು. ತಾಯಿಯ ಬುದ್ಧಿಯೇ ಅವಳಿಗೆ ಬಂದಿದೆ. ಕುರ್ಚಿಯ ಫೋಟೋ ತೆಗೆದುಕೊಂಡರು, ಬೇರೆ ಮಕ್ಕಳಿಗೂ ಹೀಗೇ ಮಾಡಿಸಲು ಹೇಳುತ್ತಾರಂತೆ. ಫೋಟೋದಲ್ಲಿ ನಾನೂ ಇದ್ದೇನೆ, ಕುರ್ಚಿಯ ಬಲಕ್ಕೆ. ಮೀಸೆ ಸ್ಪಷ್ಟವಾಗಿ ಬಂದಿದೆ.

ಬರುವಾಗ ಕಾಗವಾಡದ ನಾಕೆಯಲ್ಲಿ ಪೇಢೆ ಕೊಂಡು ಓಣಿಯೆಲ್ಲ ಹಂಚಿದೆ. ಭೂಪಾಲ ಎರಡು ತಿಂದ.

ಇನ್ನು ಮುಗಿಸುತ್ತೇನೆ, ಅಂಚೆಯ ಹೊತ್ತಾಯಿತು. ಪತ್ರದ ಕೊನೆಯಲ್ಲಿ ಆಶೀರ್ವಾದ ಬರೆಯುವುದು ರೂಢಿ. ಆದರೆ ಗೃಹಸ್ಥನಾದವನು ಮಾತಾಜಿಯನ್ನು ಆಶೀರ್ವದಿಸುವಂತಿಲ್ಲ, ಅದರಲ್ಲೂ ನಾನು ಚಿಕ್ಕವನು. ಎರಡೂ ಕಡೆಯಿಂದ ಕಟ್ಟಿಹಾಕಿದ್ದೀರಿ. ನಿಮ್ಮ ದಾರಿಯಲ್ಲಿ ಮುಳ್ಳು ಕಲ್ಲು ಕಡಿಮೆ ಇರಲಿ, ದಿನಾಲೂ ನಿಮ್ಮ ವಿಧಿ ಮೊದಲ ಬಾಗಿಲಲ್ಲೇ ಸಿಗಲಿ ಎಂದು ಮನಸ್ಸಿನಲ್ಲಿ ಅಂದುಕೊಂಡಿದ್ದೇನೆ, ಬರೆದಿಲ್ಲ. ಪೂನಮಳಿಗೂ, ನಮ್ಮೆಲ್ಲರಿಗೂ ನಿಮ್ಮ ಧರ್ಮವೃದ್ಧಿಯ ಆಶೀರ್ವಾದ ಬೇಕು. ಗೃಹಸ್ಥರು ಆಹಾರ ನೀಡಲು ಎಂಟು ವರ್ಷ ತುಂಬಬೇಕಂತೆ. ಇವಳಿಗೆ ಎಂಟು ತುಂಬಿದ ವರ್ಷ ನಿಮ್ಮ ವಿಹಾರದ ದಾರಿ ಕೃಷ್ಣೆಯ ಕಡೆ ಬರಲಿ. ಕುರ್ಚಿ ಆಗ ದೊಡ್ಡದು ಮಾಡಿಸಿರುತ್ತೇನೆ.

ಚರಣಸೇವಕ,
ತವನಪ್ಪ
(ಏಳನೆಯ ಇಯತ್ತೆ ಪಾಸು, ಮೀಸೆ ಸಹಿತ)

ತಾ.ಕ.: ಮೇಲಿನದೆಲ್ಲ ಮಾತಾಜಿಗೆ. ಇದು ಮಾತಾಜಿಗಲ್ಲ. ಇದು ಮಂಗಲಕ್ಕನಿಗೆ. ಕಾಟು ಹೊಡೆಯುವುದಿಲ್ಲ, ಶೇವಂತಾ ನೋಡಿದರೆ ನೋಡಲಿ.

ಅಕ್ಕ, ಒಂದು ಚಮಚ ಸಿಕ್ಕಿತು ಎಂದು ಮೇಲೆ ಬರೆದೆ. ಯಾವ ಚಮಚ ಎಂದು ಬರೆಯಲಿಲ್ಲ. ಅಡುಗೆಮನೆಯ ಚಮಚ ತೆಗೆದರೆ ತಾಟುಗಳು ಸದ್ದು ಮಾಡುತ್ತವೆ ಎಂದು ದೇವರ ಗೂಡಿಗೆ ಕೈ ಹಾಕಿದ್ದೆ. ನಳಿಗೆ ಹಾಕಿಸಿಕೊಂಡು ಮಿರಜಿನಿಂದ ಬಂದ ದಿನ ನೀನು ತೊಳೆದು, ಬಿಳಿ ಅರಿವೆಯಲ್ಲಿ ಸುತ್ತಿ ಅಲ್ಲಿ ಇಟ್ಟಿದ್ದೆಯಲ್ಲ, ಅವ್ವ ನಮ್ಮಿಬ್ಬರಿಗೂ ಉಣಿಸಿದ ಆ ಚಪ್ಪಟೆ ಬೆಳ್ಳಿಯ ಚಮಚ, ಅದೇ. ನೀನು ಇಟ್ಟ ಮೇಲೆ ಯಾರೂ ಮುಟ್ಟಿರಲಿಲ್ಲ. ನಸೀಮಾ ಮೇಡಂ ಅದನ್ನು ನೋಡಿ, ಇದು ಚಪ್ಪಟೆ ಐತಿ, ಅಕಿ ಕಚ್ಚಿ ಹಿಡಿಯೂದಿಲ್ಲ, ಇದನ್ನ ಬಳಸ್ರಿ ಎಂದರು.

ನಳಿಗೆ ಹಾಕಿದ ದಿನ ಬೆಳಿಗ್ಗೆ ನೀನು ಅದೇ ಚಮಚದಿಂದ ಹಾಲು ಕುಡಿಸುವಾಗ ಕೂಸು ನೀಲಿಗಟ್ಟಿತು. ಆಸ್ಪತ್ರೆಯ ಪಡಸಾಲೆಯಲ್ಲಿ ನೀನು ನಿನ್ನ ಬಲಗೈ ನೋಡಿಕೊಳ್ಳುತ್ತಾ, “ಈ ಕೈಲಿಂದ ಅಂತರಾಯ ಆತೋ ತಮ್ಮಾ” ಎಂದೆ. ಒಂದೇ ಸಲ ಅಂದೆ. ಆಮೇಲೆ ವೈರಾಗ್ಯ ಬಂತು ಎಂದು ಊರವರು ಹೇಳಿದರು, ಮೆರವಣಿಗೆ ಮಾಡಿದರು, ನಾನೂ ಮುಂದೆ ನಿಂತು ಜೈಕಾರ ಹಾಕಿದೆ. ದೀಕ್ಷೆಯ ದಿನ ನೀನು ಕೂದಲು ಕೀಳುತ್ತಿದ್ದಾಗ ನಾನು ನಿನ್ನ ಬಲಗೈಯನ್ನೇ ನೋಡುತ್ತಿದ್ದೆ. ನಿನ್ನ ವೈರಾಗ್ಯ ಸುಳ್ಳೆಂದು ನಾನು ಹೇಳುವುದಿಲ್ಲ, ಅಷ್ಟು ದೊಡ್ಡ ಮಾತು ನನ್ನದಲ್ಲ. ಹಿಂದಕ್ಕೆ ಬಾ ಎಂದೂ ಕರೆಯುವುದಿಲ್ಲ.

ಗುರುವಾರ ನಳಿಗೆ ತೆಗೆದ ಮೇಲೆ, ನೀನು ಯಾರನ್ನೂ ಕೇಳದೆ ಹೋದ ಮಾತನ್ನು ನಾನು ನಸೀಮಾ ಮೇಡಂರನ್ನು ಕೇಳಿದೆ. ಅವರು ಅಂದರು, “ಯಾರ ಕೈಲೆ ಕುಡಿಸಿದ್ರೂ ಹಂಗ ಆಗತಿತ್ತ ಕಾಕಾ. ತೆಳ್ಳನ ಹಾಲ ಅಕಿಗಿ ಎದಿ ಕಡೆ ಹೊಕ್ಕೈತಿ, ಅದು ಆವಾಗ ಯಾರಿಗೂ ಗೊತ್ತಿರಲಿಲ್ಲ. ಅಂಥಾ ಕೂಸಿನ್ನ ನಳಿಗಿ ಇಲ್ಲದ ಎರಡ ವರ್ಷ ಉಳಿಸ್ಯಾರಂದ್ರ ಆ ಕೈ ಎಷ್ಟ ಸಾವಕಾಶ ಇರಬೇಕ ನೋಡ್ರಿ.” ಅವರ ಮಾತನ್ನು ಅಂದಂತೆಯೇ ಬರೆದಿದ್ದೇನೆ, ನನ್ನದೊಂದು ಅಕ್ಷರವೂ ಸೇರಿಸಿಲ್ಲ. ನಾನು ಬಡಾಯಿಗಾರ, ಇದರಲ್ಲಿ ಬಡಾಯಿ ಇಲ್ಲ.

ನಾಳೆ ಯಾರದೋ ಮನೆಯಲ್ಲಿ ಆಹಾರಕ್ಕೆ ಕುಳಿತು ಅಂಜಲಿ ಒಡ್ಡಿದಾಗ ಆ ಬಲಗೈಯನ್ನು ಒಮ್ಮೆ ನೋಡಿಕೋ ಅಕ್ಕ. ಅಂತರಾಯ ಅದರಿಂದ ಆಗಲಿಲ್ಲ.

ಚಮಚ ಈಗ ದೇವರ ಗೂಡಿನಲ್ಲಿಲ್ಲ. ಅಡುಗೆಮನೆಯಲ್ಲಿ ಉಳಿದ ಚಮಚಗಳ ಜೊತೆ ಬಿದ್ದುಕೊಂಡು ದಿನಾ ನಾಲ್ಕು ಗಂಟೆಗೆ ಸದ್ದು ಮಾಡುತ್ತದೆ.